ಎಕರೆ-ಗುಂಟೆಯಿಂದ ಹೆಕ್ಟೇರಿಗೆ: ಯಾವ ದಾಖಲೆಗೆ ಯಾವ ಲೆಕ್ಕ

ಪಹಣಿಯಲ್ಲಿ 2-15 ಎಂದಿದೆ. ಇದನ್ನು ಹೆಕ್ಟೇರಿಗೆ ತಿರುಗಿಸಿ ಎಂದರೆ ಹೆಚ್ಚಿನವರು ಮೊದಲು ಹುಡುಕುವುದು ಗುಣಕವನ್ನು. ಗುಣಕದಲ್ಲಿ ಗೊಂದಲವೇನಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ತಪ್ಪುವುದು ಅದಕ್ಕೂ ಮೊದಲು: ಈ 15 ಗುಂಟೆಯೋ, ಸೆಂಟೋ? ಮಂಡ್ಯ, ತುಮಕೂರು, ಧಾರವಾಡದ ಕಡೆಯ ದಾಖಲೆಯಾದರೆ 2 ಎಕರೆ 15 ಗುಂಟೆ, ಅಂದರೆ 2.375 ಎಕರೆ, 0.9611 ಹೆಕ್ಟೇರ್. ಮಂಗಳೂರು, ಉಡುಪಿಯ ಕಡೆಯದಾದರೆ 2 ಎಕರೆ 15 ಸೆಂಟು, ಅಂದರೆ 2.15 ಎಕರೆ, 0.8701 ಹೆಕ್ಟೇರ್. ಒಂದೇ ಬರಹ, ನಡುವೆ 9 ಗುಂಟೆ ವ್ಯತ್ಯಾಸ. ಆದ್ದರಿಂದ ದಾಖಲೆ ಯಾವ ಅಳತೆ ಪದ್ಧತಿಯಲ್ಲಿ ಹುಟ್ಟಿದ್ದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಪರಿವರ್ತನೆಯ ದಾರಿ ಆರಿಸಿಕೊಳ್ಳಬೇಕು.

ಎರಡು ಸರಪಳಿ, ಎರಡು ಪದ್ಧತಿ

ಹಳೆಯ ಮುಂಬೈ ಪ್ರಾಂತ್ಯದ ಸರ್ವೆ 33 ಅಡಿಯ ಚೈನಿನಲ್ಲಿ ನಡೆಯಿತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಶುರುವಾದ ಕಂದಾಯ ಸರ್ವೆಯೂ ಅದೇ ಮಾದರಿಯನ್ನು ಹಿಡಿಯಿತು. ಈ ಚೈನಿಗೆ 16 ಆಣೆ, ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಅಂಗುಲ. ಒಂದು ಚೈನು ಉದ್ದ, ಒಂದು ಚೈನು ಅಗಲದ ಚೌಕವೇ ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆ ಸೇರಿದರೆ ಎಕರೆ. ಹೈದರಾಬಾದ್ ಸಂಸ್ಥಾನದಿಂದ ಬಂದ ಕಲಬುರಗಿ, ಬೀದರ್ ಕಡೆ 121 ಚದರ ಗಜ ಎಂದು ಹೇಳುವುದೂ ಇದೇ ಗುಂಟೆಯನ್ನೇ.

ಮದರಾಸು ಪ್ರಾಂತ್ಯದಲ್ಲಿ ಬಳಸಿದ್ದು 66 ಅಡಿಯ ಗುಂಟರ್ ಚೈನು. ಅದಕ್ಕೆ 100 ಲಿಂಕು. 10 ಚದರ ಚೈನು ಒಂದು ಎಕರೆ, ಅದರ ನೂರನೇ ಒಂದು ಪಾಲು ಸೆಂಟು. ಹಾಗಾಗಿ 1 ಸೆಂಟಿಗೆ 1,000 ಚದರ ಲಿಂಕು. ದಕ್ಷಿಣ ಕನ್ನಡ, ಉಡುಪಿ, ಬಳ್ಳಾರಿ ಆ ಪ್ರಾಂತ್ಯದಲ್ಲಿದ್ದ ಸೀಮೆಗಳು. ಕಾಸರಗೋಡಿನ ಹಳೆಯ ಪತ್ರಗಳೂ ಎಕರೆ-ಸೆಂಟಿನಲ್ಲೇ ಇವೆ.

ಜಿಲ್ಲೆಯ ಹೆಸರು ನೋಡಿ ತೀರ್ಮಾನಿಸುವುದು ಮೊದಲ ಊಹೆಗೆ ಸಾಕು, ಕೊನೆಯ ಮಾತಿಗೆ ಸಾಲದು. ದಾಖಲೆಯಿಂದಲೇ ಖಚಿತಪಡಿಸಿಕೊಳ್ಳುವ ಸುಲಭ ಪರೀಕ್ಷೆ ಒಂದಿದೆ. ಅದೇ ಗ್ರಾಮದ ಇಪ್ಪತ್ತು-ಮೂವತ್ತು ಸರ್ವೆ ನಂಬರುಗಳ ವಿಸ್ತೀರ್ಣ ತೆಗೆದು ಎರಡನೇ ಅಂಕಿಯನ್ನು ನೋಡಿ. ಗುಂಟೆ ಎಂದಿಗೂ 39 ದಾಟುವುದಿಲ್ಲ, ದಾಟಿದರೆ ಅದು ಎಕರೆಯಾಗಿಬಿಡುತ್ತದೆ. ಎಲ್ಲಾದರೂ ಒಂದೆಡೆ 47, 62, 85 ಕಂಡರೆ ಅದು ಸೆಂಟು. ಹಾಗೆಯೇ ಮೂರನೇ ಅಂಕಿ ವಿಸ್ತೀರ್ಣದ ಆಣೆಯಾಗಿದ್ದರೆ (ಗುಂಟೆಗೆ 16 ಆಣೆ) 15 ದಾಟಬಾರದು.

ಗುಣಕಗಳು

ಒಂದು ಅಡಿ ನಿಖರವಾಗಿ 0.3048 ಮೀಟರ್ ಎಂದು ಹಿಡಿದರೆ:

- 1 ಎಕರೆ = 4046.856 ಚದರ ಮೀಟರ್
- 1 ಗುಂಟೆ = 101.1714 ಚದರ ಮೀಟರ್
- 1 ಆಣೆ (ಗುಂಟೆಯ ಹದಿನಾರನೇ ಒಂದು) = 6.3232 ಚದರ ಮೀಟರ್
- 1 ಸೆಂಟು = 40.4686 ಚದರ ಮೀಟರ್. ಎರಡೂವರೆ ಸೆಂಟಿಗೆ ಸರಿಯಾಗಿ ಒಂದು ಗುಂಟೆ
- 33 ಅಡಿಯ ಚೈನು = 10.0584 ಮೀಟರ್, ಅದರ ಆಣೆ = 0.62865 ಮೀಟರ್
- ಗುಂಟರ್ ಚೈನು = 20.1168 ಮೀಟರ್, ಅದರ ಲಿಂಕು = 0.201168 ಮೀಟರ್
- 1 ಹೆಕ್ಟೇರ್ = 2.47105 ಎಕರೆ, ಅಂದರೆ 2 ಎಕರೆ 18.84 ಗುಂಟೆ ಅಥವಾ 2 ಎಕರೆ 47.1 ಸೆಂಟು

ಅಡಿಗೆ ಇಷ್ಟು ಮೀಟರ್ ಎಂಬ ಹಳೆಯ ಭಾರತೀಯ ಮೌಲ್ಯ 0.3048ಕ್ಕಿಂತ ಕೂದಲೆಳೆಯಷ್ಟು ಕಡಿಮೆ: 0.3047995. ಒಂದು ಎಕರೆಗೆ ಇದರಿಂದ ಬರುವ ವ್ಯತ್ಯಾಸ 0.02 ಚದರ ಮೀಟರಿಗೂ ಕಡಿಮೆ, ಜಮೀನಿನ ಲೆಕ್ಕದಲ್ಲಿ ಮರೆತುಬಿಡಬಹುದು. ಆದರೆ ಹಳೆಯ ನಕ್ಷೆಗಳ ಗಜ-ಗ್ರಿಡ್‌ನ (ಗಜದಲ್ಲಿ ಎಣಿಸಿದ ಚೌಕಬಲೆಯ) ನಿರ್ದೇಶಾಂಕಗಳನ್ನು ಮೀಟರಿಗೆ ತರುವವರು ಮರೆಯುವಂತಿಲ್ಲ. ಭಾರತದ ಲ್ಯಾಂಬರ್ಟ್ ಗ್ರಿಡ್‌ನ ಪೂರ್ವ ದಿಕ್ಕಿನ ಆರಂಭದ ಅಂಕಿ 30 ಲಕ್ಷ ಗಜ. ಹಳೆಯ ಮೌಲ್ಯದಲ್ಲಿ ಅದು 27,43,195.5 ಮೀಟರ್, 0.9144ರಿಂದ ಗುಣಿಸಿದರೆ 27,43,200. ಇಡೀ ನಕ್ಷೆ ನಾಲ್ಕೂವರೆ ಮೀಟರ್ ಪಕ್ಕಕ್ಕೆ ಸರಿಯುತ್ತದೆ.

ಇನ್ನು ಮೂರು ದಾರಿಗಳು: ದಾಖಲೆಯ ವಿಸ್ತೀರ್ಣವನ್ನೇ ಗುಣಿಸುವುದು, ಟಿಪ್ಪಣಿಯ (ಸರ್ವೆಯಲ್ಲಿ ಜಮೀನಿನ ಅಳತೆ ಬರೆದಿಟ್ಟ ರೇಖಾಚಿತ್ರದ) ಉದ್ದಳತೆಗಳಿಂದ ಮತ್ತೆ ಲೆಕ್ಕ ಹಾಕುವುದು, ನೆಲವನ್ನೇ ಹೊಸದಾಗಿ ಅಳೆಯುವುದು.

ಮೊದಲ ದಾರಿ: ವಿಸ್ತೀರ್ಣವನ್ನೇ ಗುಣಿಸುವುದು

ಬ್ಯಾಂಕ್ ಸಾಲ, ಬೆಳೆ ವಿಮೆ, ಸಬ್ಸಿಡಿ ಅರ್ಜಿ, ತೋಟಗಾರಿಕೆಯ ಯೋಜನೆಗಳಿಗೆ ಇದೇ ಸಾಕು. ಇದಕ್ಕಿಂತ ಹೆಚ್ಚಿನದನ್ನು ಮಾಡಲೂ ಬಾರದು. ದಾಖಲೆಯಲ್ಲಿ ಇಲ್ಲದ ನಿಖರತೆಯನ್ನು ಅರ್ಜಿಯಲ್ಲಿ ತೋರಿಸಿದರೆ ಪರಿಶೀಲನೆಯಲ್ಲಿ ತಾಳೆಯಾಗದು.

ಯಾವ ವಿಸ್ತೀರ್ಣ ಎಂಬುದು ಮುಖ್ಯ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ, ಫೂಟ್ ಖರಾಬ್ (ಸಾಗುವಳಿಗೆ ಬಾರದ ನೆಲ) ಅ, ಫೂಟ್ ಖರಾಬ್ ಬ, ಉಳಿದ ವಿಸ್ತೀರ್ಣ ಎಂದು ಬೇರೆ ಬೇರೆ ಇರುತ್ತದೆ. ಕೃಷಿಯ ಅರ್ಜಿಗೆ ಬೇಕಾದದ್ದು ಖರಾಬು ಕಳೆದ ಉಳಿಕೆ. ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಬ ಖರಾಬನ್ನು ಸೇರಿಸಿ ಹೆಕ್ಟೇರಿಗೆ ತಿರುಗಿಸಿದರೆ ಮಾರಲಾಗದ ನೆಲವನ್ನೂ ಲೆಕ್ಕಕ್ಕೆ ತಂದಂತೆ.

ಮಿತಿಯ ಹತ್ತಿರ ಇರುವವರು ಸುತ್ತು ಅಂಕಿ ನಂಬಬೇಡಿ. ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆ ಎಂದು ರೂಢಿಯಲ್ಲಿದೆ. ಎರಡೂವರೆ ಎಕರೆ ನಿಜವಾಗಿ 1.0117 ಹೆಕ್ಟೇರ್. 2 ಎಕರೆ 19 ಗುಂಟೆ ಇದ್ದವರದ್ದು 10,016 ಚದರ ಮೀಟರ್, ಹೆಕ್ಟೇರ್ ಲೆಕ್ಕದಲ್ಲಿ ಅತಿ ಸಣ್ಣ ರೈತರ ಮಿತಿಗಿಂತ 16 ಚದರ ಮೀಟರ್ ಹೆಚ್ಚು. ಯೋಜನೆಯ ಆದೇಶದಲ್ಲಿ ಮಿತಿಯನ್ನು ಎಕರೆಯಲ್ಲಿ ಬರೆದಿದ್ದಾರೋ, ಹೆಕ್ಟೇರಿನಲ್ಲೋ ಓದಿ ನೋಡಿ, ಅದೇ ಮಾನದಲ್ಲಿ ಹೋಲಿಸಿ.

ಗುಂಟೆ ಮತ್ತು ಆರ್ ಎರಡನ್ನೂ ಒಂದೇ ಎಂದು ಹಿಡಿಯುವ ಅಭ್ಯಾಸವೂ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಸಾತ್‌ಬಾರಾ ಉತಾರದಲ್ಲಿ (ಮಹಾರಾಷ್ಟ್ರದ ಪಹಣಿಯಲ್ಲಿ) ಹೆಕ್ಟೇರ್-ಆರ್ ಇರುತ್ತದೆ. ಮಾತಿನಲ್ಲಿ ಮಾತ್ರ ಆರ್ ಅನ್ನೂ ಗುಂಟೆ ಎಂದೇ ಕರೆಯುತ್ತಾರೆ. ಒಂದು ಆರ್ 100 ಚದರ ಮೀಟರ್, ಗುಂಟೆ 101.17. ಮಾತಿಗೆ ಪರವಾಗಿಲ್ಲ. ಕ್ರಯಪತ್ರದಲ್ಲಿ 40 ಗುಂಟೆಗೆ 40 ಆರ್ ಎಂದು ಬರೆದರೆ ಎಕರೆಗೆ 47 ಚದರ ಮೀಟರ್ ಹೋಯಿತು, ಅದು ಒಂದು ಸೆಂಟಿಗಿಂತ ಹೆಚ್ಚು.

ವಿಭಾಗಪತ್ರಗಳಲ್ಲಿ ಆಣೆಗೆ ಇನ್ನೊಂದು ಕೆಲಸವಿದೆ. "ನಾಲ್ಕಾಣೆ ಹಿಸ್ಸೆ" ಎಂದರೆ ರೂಪಾಯಿಗೆ ನಾಲ್ಕಾಣೆಯ ಲೆಕ್ಕದಲ್ಲಿ ಕಾಲು ಪಾಲು. 2-15ರ ಜಮೀನಿನಲ್ಲಿ ಅದು 23 ಗುಂಟೆ 12 ಆಣೆ, 2,403 ಚದರ ಮೀಟರ್. ಇದನ್ನೇ ವಿಸ್ತೀರ್ಣದ ಆಣೆ ಎಂದು ಓದಿದರೆ 25 ಚದರ ಮೀಟರ್ ಬರುತ್ತದೆ. ವಾಕ್ಯದಲ್ಲಿ ಹಿಸ್ಸೆ, ಪಾಲು, ಭಾಗ ಎಂಬ ಪದ ಇದೆಯೇ ನೋಡಿದರೆ ಗೊತ್ತಾಗುತ್ತದೆ.

ಹತ್ತಾರು ಸರ್ವೆ ನಂಬರುಗಳನ್ನು ಎಕ್ಸೆಲ್‌ನಲ್ಲಿ ತಿರುಗಿಸುವವರಿಗೆ ಎರಡು ಎಚ್ಚರಿಕೆ. 2-10-8 ಎಂದು ಟೈಪ್ ಮಾಡಿದರೆ ಅದು 2008ರ ಅಕ್ಟೋಬರ್ 2 ಆಗಿ ಕೂರುತ್ತದೆ. 2.10 ಎಂದು ಹಾಕಿದರೆ ಕೊನೆಯ ಸೊನ್ನೆ ಮಾಯವಾಗಿ 2.1 ಉಳಿಯುತ್ತದೆ, ಆಮೇಲೆ ನೋಡಿದವರು 2 ಎಕರೆ 1 ಗುಂಟೆ ಎಂದು ಓದುತ್ತಾರೆ. ಎಕರೆ, ಗುಂಟೆ, ಆಣೆಗೆ ಮೂರು ಪ್ರತ್ಯೇಕ ಕಾಲಂ ಮಾಡಿ. ನಾಲ್ಕನೆಯದರಲ್ಲಿ ಎಕರೆ × 4046.8564 + ಗುಂಟೆ × 101.17141 + ಆಣೆ × 6.323213. ಗುಂಟೆ ಕಾಲಂನಲ್ಲಿ 39ಕ್ಕಿಂತ, ಆಣೆ ಕಾಲಂನಲ್ಲಿ 15ಕ್ಕಿಂತ ಹೆಚ್ಚು ಬಂದರೆ ಕೆಂಪಾಗುವಂತೆ ಇಟ್ಟುಕೊಳ್ಳಿ. ಒಂದೊಂದು ಸಾಲನ್ನೂ ಸುತ್ತು ಮಾಡಬೇಡಿ. ಮೊತ್ತ ಹಾಕಿದ ಮೇಲೆ ಒಂದೇ ಸಲ ಮಾಡಿ.

ಎರಡನೇ ದಾರಿ: ಟಿಪ್ಪಣಿಯಿಂದ ಮತ್ತೆ ಲೆಕ್ಕ

ಪಾಲು ಮಾಡುವಾಗ, ಪೋಡಿ (ಸರ್ವೆ ನಂಬರನ್ನು ಒಡೆಯುವುದು) ಆಗುವಾಗ, ಒತ್ತುವರಿಯ ತಕರಾರು ಇದ್ದಾಗ ಬರೀ ವಿಸ್ತೀರ್ಣದಿಂದ ಉಪಯೋಗವಿಲ್ಲ. ಗಡಿ ಎಲ್ಲಿದೆ ಎಂದು ವಿಸ್ತೀರ್ಣ ಹೇಳುವುದಿಲ್ಲ, ಟಿಪ್ಪಣಿ ಹೇಳುತ್ತದೆ. ಮೂಲ ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆ ಮೂರರ ದೃಢೀಕೃತ ನಕಲು ತೆಗೆದುಕೊಳ್ಳಿ.

ಟಿಪ್ಪಣಿಯಲ್ಲಿ ಜಮೀನಿನ ಉದ್ದಕ್ಕೆ ಒಂದು ಆಧಾರ ರೇಖೆ, ಅದರಿಂದ ಎರಡೂ ಬದಿಗೆ ಮೂಲೆಗಳವರೆಗೆ ಲಂಬ ಅಳತೆಗಳು ಇರುತ್ತವೆ. ಲಂಬಗಳು ಜಮೀನನ್ನು ತ್ರಿಕೋನಗಳಾಗಿ ಮತ್ತು ಎರಡು ಬದಿ ಸಮಾನಾಂತರ ಇರುವ ಚತುರ್ಭುಜಗಳಾಗಿ ಒಡೆಯುತ್ತವೆ. ತ್ರಿಕೋನಕ್ಕೆ ತಳ × ಲಂಬದ ಅರ್ಧ. ಚತುರ್ಭುಜಕ್ಕೆ ಎರಡು ಲಂಬಗಳ ಮೊತ್ತದ ಅರ್ಧವನ್ನು ನಡುವಿನ ಅಂತರದಿಂದ ಗುಣಿಸುವುದು.

ಒಂದು ತುಂಡನ್ನು ಪೂರ್ತಿ ಮಾಡಿ ನೋಡೋಣ. ತಳ 6 ಚೈನು 8 ಆಣೆ, ಲಂಬ 3 ಚೈನು 4 ಆಣೆ. ಆಣೆಯನ್ನು 16ರಿಂದ ಭಾಗಿಸಿ: 6.5 ಚೈನು, 3.25 ಚೈನು. ಗುಣಿಸಿ ಅರ್ಧ ಮಾಡಿದರೆ 10.5625 ಚದರ ಚೈನು. ಚದರ ಚೈನೇ ಗುಂಟೆ, ಆದ್ದರಿಂದ 10 ಗುಂಟೆ, ಉಳಿದ 0.5625ಕ್ಕೆ 16ರಿಂದ ಗುಣಿಸಿ 9 ಆಣೆ. ಮೀಟರಿನಲ್ಲಿ ತಳ 65.38, ಲಂಬ 32.69, ವಿಸ್ತೀರ್ಣ 1,068.6 ಚದರ ಮೀಟರ್. ಎರಡು ದಾರಿಯಿಂದಲೂ ಒಂದೇ ಉತ್ತರ ಬಂದರೆ ಲೆಕ್ಕ ಸರಿ.

ಇಲ್ಲಿ ಪದೇಪದೇ ಆಗುವ ತಪ್ಪು, 6 ಚೈನು 8 ಆಣೆಯನ್ನು 6.8 ಎಂದು, 3 ಚೈನು 4 ಆಣೆಯನ್ನು 3.4 ಎಂದು ಕ್ಯಾಲ್ಕುಲೇಟರಿಗೆ ಹಾಕುವುದು. ಆಗ 11.56 ಗುಂಟೆ ಬರುತ್ತದೆ. ಈ ಒಂದೇ ತ್ರಿಕೋನದಲ್ಲಿ ಸುಮಾರು ಒಂದು ಗುಂಟೆ ಹೆಚ್ಚಾಯಿತು. ಉದ್ದದ ಆಣೆ, ವಿಸ್ತೀರ್ಣದ ಆಣೆ ಬೇರೆ ಎಂಬುದನ್ನೂ ನೆನಪಿಡಿ. ಒಂದು ಆಣೆ ಉದ್ದ, ಒಂದು ಆಣೆ ಅಗಲದ ತುಣುಕು ಗುಂಟೆಯ 256ನೇ ಒಂದು. ವಿಸ್ತೀರ್ಣದ ಒಂದು ಆಣೆ ಎಂದರೆ ಒಂದು ಚೈನು ಉದ್ದ, ಒಂದು ಆಣೆ ಅಗಲದ ಪಟ್ಟಿ.

ಮದರಾಸು ಪದ್ಧತಿಯ ಕ್ಷೇತ್ರ ಅಳತೆ ಪುಸ್ತಕದ ಹಳೆಯ ಪುಟಗಳಲ್ಲಿ ಅಂಕಿಗಳು ಲಿಂಕಿನಲ್ಲಿವೆ. ಕೈಲೆಕ್ಕಕ್ಕೆ ಇದು ಸುಲಭ. 480 ಲಿಂಕು ತಳ, 260 ಲಿಂಕು ಲಂಬವಾದರೆ ಗುಣಲಬ್ಧದ ಅರ್ಧ 62,400 ಚದರ ಲಿಂಕು. ಸಾವಿರದಿಂದ ಭಾಗಿಸಿದರೆ 62.4 ಸೆಂಟು, 2,525 ಚದರ ಮೀಟರ್. ಹದಿನಾರರ ಭಾಗಾಕಾರ ಇಲ್ಲದ್ದರಿಂದ ತಪ್ಪಿಗೆ ಎಡೆ ಕಡಿಮೆ, ಮೀಟರಿಗೆ ತಿರುಗಿಸುವವರಿಗೆ ಎರಡು ಪದ್ಧತಿಗಳಲ್ಲಿ ಇದೇ ಮೇಲು. ಅಪಾಯ ಬೇರೆ ಕಡೆ ಇದೆ: ಲಿಂಕನ್ನು ಅಡಿ ಎಂದು ಓದಿದರೆ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ಹೆಚ್ಚಾಗುತ್ತದೆ. 33ರ ಬದಲು 66 ಅಡಿಯ ಚೈನು ಹಿಡಿದರೆ ನಾಲ್ಕು ಪಟ್ಟು, ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು, 20 ಮೀಟರಿನ ಈಗಿನ ಮೆಟ್ರಿಕ್ ಚೈನನ್ನು 20.1168 ಮೀಟರಿನ ಗುಂಟರ್ ಚೈನಿನ ಜಾಗದಲ್ಲಿ ಬಳಸುವುದು. ಎರಡಕ್ಕೂ 100 ಲಿಂಕು. ಉದ್ದದಲ್ಲಿ ಅರ್ಧ ಶೇಕಡಾಕ್ಕಿಂತ ತುಸು ಹೆಚ್ಚು, ವಿಸ್ತೀರ್ಣದಲ್ಲಿ ಸುಮಾರು 1.2% ವ್ಯತ್ಯಾಸ, ಆದರೆ ಉತ್ತರ ನೋಡಿದರೆ ಸಂಶಯವೇ ಬರುವುದಿಲ್ಲ.

ತುಂಡುಗಳ ಮೊತ್ತವನ್ನು ಆಕಾರಬಂದಿನ ವಿಸ್ತೀರ್ಣಕ್ಕೆ ತಾಳೆ ನೋಡಿ. ಒಂದೆರಡು ಆಣೆ ಹೆಚ್ಚು ಕಡಿಮೆ ಬರುವುದು ಸಹಜ, ಸುತ್ತು ಮಾಡಿದ್ದರಿಂದ. ಗುಂಟೆಗಟ್ಟಲೆ ಬಂದರೆ ಒಂದೋ ನೀವು ಒಂದು ತುಂಡು ಬಿಟ್ಟಿದ್ದೀರಿ, ಇಲ್ಲವೇ ಲಂಬ ಯಾವ ಬದಿಯದು ಎಂದು ತಪ್ಪಾಗಿ ಓದಿದ್ದೀರಿ. ಎರಡೂ ಅಲ್ಲದಿದ್ದರೆ ಮಾತ್ರ ದಾಖಲೆಯ ತಪ್ಪನ್ನು ಅನುಮಾನಿಸಿ. ಪಹಣಿ ಆಕಾರಬಂದಿಗೆ ಹೊಂದದಿದ್ದರೆ ಪರಿವರ್ತನೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ತಿದ್ದುಪಡಿಗೆ ಅರ್ಜಿ ಹಾಕುವುದು ಒಳ್ಳೆಯದು. ತಪ್ಪು ಅಂಕಿಯನ್ನು ಹೆಕ್ಟೇರಿನಲ್ಲಿ ಬರೆದರೆ ಅದು ಇನ್ನೊಂದು ದಾಖಲೆಗೆ ಹರಡುತ್ತದೆ ಅಷ್ಟೆ.

ಗ್ರಾಮ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದು ವಿಸ್ತೀರ್ಣ ತೆಗೆಯುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಮುಂಬೈ ಮಾದರಿಯ ನಕ್ಷೆಯಲ್ಲಿ ಒಂದು ಅಂಗುಲಕ್ಕೆ 20 ಚೈನು, ಅಂದರೆ 660 ಅಡಿ, 1:7,920. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ನೆಲದ ಮೇಲೆ ನಾಲ್ಕು ಮೀಟರ್. ಜೆರಾಕ್ಸಿನಲ್ಲಿ ಕಾಗದ ಕುಗ್ಗಿದ್ದರೆ, ಹಿಗ್ಗಿದ್ದರೆ ಅದು ಬೇರೆ. ನಕ್ಷೆ ಇರುವುದು ಅಕ್ಕಪಕ್ಕದ ನಂಬರು, ದಾರಿ, ಹಳ್ಳ ಎಲ್ಲಿವೆ ಎಂದು ನೋಡಲು.

ಮೂರನೇ ದಾರಿ: ಹೊಸದಾಗಿ ಅಳೆಯುವುದು

ಬಡಾವಣೆ, ಕೈಗಾರಿಕೆ, ಭೂಸ್ವಾಧೀನ, ದೊಡ್ಡ ಮೊತ್ತದ ಖರೀದಿಗೆ ಇದು ಬೇಕೇ ಬೇಕು. ಹಳೆಯ ಸರಪಳಿಯ ದೋಷ ಯಾವ ಗುಣಕದಿಂದಲೂ ಹೋಗುವುದಿಲ್ಲ. ಕೊಂಡಿಗಳು ಸವೆದು 33 ಅಡಿಯ ಚೈನು ಎರಡು ಅಂಗುಲ ಉದ್ದವಾಗಿದ್ದರೆ ಅಳತೆಯಲ್ಲಿ ಚೈನುಗಳ ಸಂಖ್ಯೆ ಕಡಿಮೆ ಬರುತ್ತದೆ, ವಿಸ್ತೀರ್ಣ 1% ಕಡಿಮೆ ದಾಖಲಾಗುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಚೈನನ್ನು ನೆಲಕ್ಕೆ ಒರಗಿಸಿ ಎಳೆದಿದ್ದರೆ ಇದರ ಉಲ್ಟಾ: 15 ಡಿಗ್ರಿ ಇಳಿಜಾರಿನಲ್ಲಿ ಉದ್ದ 3.5% ಹೆಚ್ಚು ದಾಖಲಾಗುತ್ತದೆ, ಯಾಕೆಂದರೆ ವಿಸ್ತೀರ್ಣಕ್ಕೆ ಬೇಕಾದದ್ದು ಸಮತಲದ ಅಳತೆ. ಆದ್ದರಿಂದ ಈಗಿನ ಯಂತ್ರದ ಅಳತೆ ಹಳೆಯ ದಾಖಲೆಗಿಂತ ಹೆಚ್ಚೋ ಕಡಿಮೆಯೋ ಬಂದ ಮಾತ್ರಕ್ಕೆ ಪಕ್ಕದವರು ಒತ್ತಿದ್ದಾರೆ ಎಂದು ಹೇಳಲಾಗದು. ಬಾಂದು ಕಲ್ಲುಗಳು ಟಿಪ್ಪಣಿ ಹೇಳಿದ ಜಾಗದಲ್ಲಿವೆಯೇ ಎಂದು ನೋಡಿದ ಮೇಲೆಯೇ ಆ ಮಾತು.

ಮೊಬೈಲ್ ಹಿಡಿದು ಜಮೀನಿನ ಸುತ್ತ ನಡೆದು ವಿಸ್ತೀರ್ಣ ತೆಗೆಯುವ ಆ್ಯಪ್‌ಗಳು ಗೊಬ್ಬರ, ಬೀಜದ ಅಂದಾಜಿಗೆ ಸರಿ. ಒಂದು ಎಕರೆಯ ಚೌಕಕ್ಕೆ ಬದಿ 63.6 ಮೀಟರ್, ಒಂದು ಬದಿ ಒಂದೇ ಮೀಟರ್ ಸರಿದರೂ ಅರ್ಧ ಗುಂಟೆಗಿಂತ ಹೆಚ್ಚು ವ್ಯತ್ಯಾಸ. ಮೊಬೈಲಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಆಗುತ್ತದೆ. ಪಾಲಿಗೆ, ಬೇಲಿಗೆ ಟೋಟಲ್ ಸ್ಟೇಷನ್ ಅಥವಾ ಸೆಂಟಿಮೀಟರ್ ಮಟ್ಟದ ಆರ್‌ಟಿಕೆ ಜಿಎನ್‌ಎಸ್‌ಎಸ್ (ಉಪಗ್ರಹ ಆಧಾರಿತ) ಉಪಕರಣವೇ ಆಗಬೇಕು.

ನಿರ್ದೇಶಾಂಕಗಳಿಂದ ಕಂಪ್ಯೂಟರಿನಲ್ಲಿ ವಿಸ್ತೀರ್ಣ ತೆಗೆಯುವಾಗಲೂ ಒಂದು ಸೂಕ್ಷ್ಮವಿದೆ. ಯುಟಿಎಂ (ಭೂಮಿಯನ್ನು ವಲಯಗಳಾಗಿ ಒಡೆದು ಸಪಾಟು ನಕ್ಷೆಗೆ ಇಳಿಸುವ ಪದ್ಧತಿ) 43ನೇ ವಲಯದ ಗ್ರಿಡ್ ವಿಸ್ತೀರ್ಣ ಮಂಗಳೂರಿನ ಹತ್ತಿರ ಭೂಮಿಯ ಗೋಳಾಭದ ಮೇಲಿನದ್ದಕ್ಕಿಂತ 0.08% ಕಡಿಮೆ, ಬೆಂಗಳೂರಿನ ಹತ್ತಿರ ಸುಮಾರು 0.12% ಹೆಚ್ಚು ತೋರಿಸುತ್ತದೆ. ಎಕರೆಗೆ ಮೂರರಿಂದ ಐದು ಚದರ ಮೀಟರ್. ಹೊಲಕ್ಕೆ ಚಿಂತೆಯಿಲ್ಲ, ನೂರು ಎಕರೆಯ ಬಡಾವಣೆಗೆ ಇದೆ. ನಕ್ಷೆಯ ತಂತ್ರಾಂಶ ಕ್ಯುಜಿಐಎಸ್‌ನಲ್ಲಿ ಗೋಳಾಭದ ಮೇಲಿನ ವಿಸ್ತೀರ್ಣ ಆಯ್ಕೆ ಮಾಡಿಕೊಂಡರೆ ಇದು ತಪ್ಪುತ್ತದೆ.

ನಿವೇಶನ

30 × 40 ಅಡಿಯ ನಿವೇಶನ 9.144 × 12.192 ಮೀಟರ್, 111.48 ಚದರ ಮೀಟರ್. 9 × 12 ಮೀಟರ್ ಎಂದು ಮಂಜೂರಾದದ್ದು 108 ಚದರ ಮೀಟರ್, 1,162.5 ಚದರ ಅಡಿ. ಮಾತಿನಲ್ಲಿ ಎರಡಕ್ಕೂ ಥರ್ಟಿ-ಫಾರ್ಟಿ ಎಂದೇ ಹೆಸರು. ಬೆಲೆಯನ್ನು ಚದರ ಅಡಿಯ ಮೇಲೆ ಹಾಕುವಾಗ 37.5 ಚದರ ಅಡಿ ಸಣ್ಣದಲ್ಲ. ಹಕ್ಕುಪತ್ರದಲ್ಲಿ ಮೂಲ ಅಳತೆ ಯಾವುದರಲ್ಲಿದೆಯೋ ಅದರಿಂದಲೇ ತಿರುಗಿಸಿ. ಬದಿಗಳನ್ನು ಮೊದಲೇ ಸುತ್ತು ಮಾಡಿ ಆಮೇಲೆ ಗುಣಿಸಬೇಡಿ.

ಗುಣಿಸಲಾಗದ ಮಾನಗಳು

ಖಂಡುಗ, ಕೊಳಗ ಬಿತ್ತುವ ಬೀಜದಿಂದ ಹುಟ್ಟಿದ ಮಾನಗಳು. ಕೂರಿಗೆ ಒಂದು ದಿನದ ಬಿತ್ತನೆಯ ಲೆಕ್ಕ. ಗದ್ದೆಗೆ ಒಂದು, ಖುಷ್ಕಿಗೆ ಒಂದು, ಊರಿಂದೂರಿಗೆ ಇನ್ನೊಂದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಅಳತೆಗಳು ಜಾಗದಿಂದ ಜಾಗಕ್ಕೆ ಬೇರೆಯಾಗುವುದನ್ನು ಬರೆದಿಟ್ಟಿದ್ದಾನೆ. ಅಂತರ್ಜಾಲದಲ್ಲಿ ಸಿಗುವ "ಒಂದು ಖಂಡುಗ = ಇಷ್ಟು ಎಕರೆ" ಎಂಬ ಅಂಕಿಯನ್ನು ನಿಮ್ಮ ಊರಿನ ಪತ್ರಕ್ಕೆ ಹಚ್ಚಬೇಡಿ. ಸರಿಯಾದ ದಾರಿ, ಆ ಜಮೀನಿನ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಹಿಡಿದು ಅದು ಸರ್ವೆಯಲ್ಲಿ ಯಾವ ನಂಬರಾಯಿತು ಎಂದು ಹುಡುಕುವುದು. ನಂಬರು ಸಿಕ್ಕರೆ ಆಕಾರಬಂದಿನ ಎಕರೆ-ಗುಂಟೆ ಸಿಕ್ಕಿತು, ಮುಂದಿನದು ಮೊದಲ ದಾರಿ.

ಶಾಸನಗಳಲ್ಲಿ ಬರುವ ಹಳೆಯ ಭೂಮಾನಗಳಾದ ಮತ್ತರು, ಕಮ್ಮಗಳ ಮಾತೂ ಹೀಗೆಯೇ. ಅಳೆದ ಗಳೆ (ಅಳತೆಕೋಲು) ಯಾವುದು ಎಂಬುದರ ಮೇಲೆ ಮತ್ತರು ನಿಲ್ಲುತ್ತದೆ, ಗಳೆಗಳು ಹಲವಿದ್ದವು; ಬಳ್ಳಿಗಾವೆಯ ಭೇರುಂಡ ಗಳೆ ಅವುಗಳಲ್ಲೊಂದು. ಊರಿನ ಇತಿಹಾಸ ಬರೆಯುವವರು ಮತ್ತರನ್ನು ಮತ್ತರಾಗಿಯೇ ಬಿಟ್ಟು, ಶಾಸನದಲ್ಲಿ ಗಳೆಯ ಹೆಸರಿದ್ದರೆ ಅದನ್ನೂ ಜೊತೆಗೆ ಬರೆಯಲಿ.

ಪತ್ರದಲ್ಲಿ ಬರೆಯುವುದು ಹೇಗೆ

ಮೂಲ ಮಾನ ಮೊದಲು, ಪದಗಳಲ್ಲಿ. ಮೆಟ್ರಿಕ್ ಆಮೇಲೆ. ಆಣೆಯ ಹಂತವೇ 6.3 ಚದರ ಮೀಟರ್ ಇರುವಾಗ ದಶಮಾಂಶದ ಮುಂದೆ ಚದರ ಮೀಟರ್ ಬರೆಯುವುದರಲ್ಲಿ ಅರ್ಥವಿಲ್ಲ, ಪೂರ್ಣಾಂಕ ಸಾಕು. ಹೆಕ್ಟೇರಿಗೆ ನಾಲ್ಕು ದಶಮಾಂಶ. ಚುಕ್ಕೆ, ಅಡ್ಡಗೆರೆಯನ್ನು ಎಕರೆ-ಗುಂಟೆಯ ನಡುವೆ ಹಾಕಬೇಡಿ. ಉದಾಹರಣೆಗೆ: "ಖರಾಬು ಕಳೆದು 2 ಎಕರೆ 15 ಗುಂಟೆ, ಅಂದರೆ 9,611 ಚದರ ಮೀಟರ್ (0.9611 ಹೆಕ್ಟೇರ್). ಎರಡರಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಎಕರೆ-ಗುಂಟೆಯ ವಿಸ್ತೀರ್ಣವೇ ಊರ್ಜಿತ."